ಕಾಡುಹಂದಿಗೆ ಹೊಡೆಯುವ ಗುಂಡಿನಲ್ಲಿರುವ ಸೀಸ: ಗಡಿನಾಡಿನ ಕೃಷಿಕರು ತಿಳಿದಿರಬೇಕಾದ ಸಂಗತಿಗಳು

ಗಡಿನಾಡಿನ ಕೃಷಿಕರಿಗೆ ಕಾಡುಹಂದಿಯ ಹಾವಳಿಯನ್ನು ಬಣ್ಣಿಸಿ ಹೇಳಬೇಕಾದ ಅಗತ್ಯವಿಲ್ಲ. ದೇಲಂಪಾಡಿ, ಕಾರಡ್ಕ, ಬೆಳ್ಳೂರು, ಎಣ್ಮಕಜೆಯಂತಹ ಪಂಚಾಯತುಗಳಲ್ಲಿ ಮರಗೆಣಸು, ಬಾಳೆ, ಗದ್ದೆಯ ಪೈರು ಒಂದೇ ರಾತ್ರಿಯಲ್ಲಿ ನೆಲಸಮವಾಗುವುದನ್ನು ನಾವೆಲ್ಲ ಕಂಡಿದ್ದೇವೆ. ಕೃಷಿ ನಾಶ ಮಾಡುವ ಹಂದಿಯನ್ನು ಗುಂಡಿಕ್ಕಿ ಕೊಲ್ಲಲು ಅನುಮತಿ ನೀಡುವ ಅಧಿಕಾರವನ್ನು ಸ್ಥಳೀಯಾಡಳಿತ ಸಂಸ್ಥೆಗಳ ಅಧ್ಯಕ್ಷರಿಗೆ ವಹಿಸಲು ಕೇರಳ ಸರಕಾರವು 2022ರ ಮೇ ತಿಂಗಳಲ್ಲಿ ತೀರ್ಮಾನಿಸಿತು. ಅಂದಿನಿಂದ ಚರ್ಚೆಯೆಲ್ಲ ಯಾರು ಹೊಡೆಯಬೇಕು, ಖರ್ಚು ಯಾರು ಭರಿಸಬೇಕು ಎಂಬುದರ ಸುತ್ತ ನಡೆದಿದೆ. ಕೋವಿಗೆ ತುಂಬುವ ಗುಂಡು ಯಾವುದರಿಂದ ಮಾಡಿದ್ದು ಎಂಬ ಪ್ರಶ್ನೆಯನ್ನು ಕೇಳಿದವರು ವಿರಳ.

ಮೊದಲಿಗೆ ಕಾನೂನಿನ ಮಾತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಕಡವೆ, ಜಿಂಕೆ, ಕಾಡುಕುರಿಗಳ ಬೇಟೆ ಅಪರಾಧ. ಕೋವಿಯ ಪರವಾನಗಿ ಇರುವುದು ಬೇಟೆಯ ಪರವಾನಗಿಯಲ್ಲ. ಕಾಡುಹಂದಿಯ ವಿಷಯದಲ್ಲಿಯೂ ಅಧಿಕೃತ ಆದೇಶವಿದ್ದರೆ, ಪರವಾನಗಿ ಪಡೆದ ಕೋವಿಯಿಂದ ಮಾತ್ರ ಗುಂಡು ಹಾರಿಸಬಹುದು. ಉರುಳು, ವಿಷ, ಸ್ಫೋಟಕ, ವಿದ್ಯುತ್ ತಂತಿಗಳಿಗೆ ಅವಕಾಶವಿಲ್ಲ. ಕೊಂದ ಹಂದಿಯನ್ನು ಶಾಸ್ತ್ರೀಯವಾಗಿ ವಿಲೇವಾರಿ ಮಾಡಬೇಕು. ಮಾಂಸವನ್ನು ತಿನ್ನುವಂತಿಲ್ಲ, ಮಾರುವಂತಿಲ್ಲ.

ನಮ್ಮಲ್ಲಿ ಬಳಕೆಯಲ್ಲಿರುವ ಚರೆ ಮತ್ತು ಗುಂಡುಗಳು ಸಾಮಾನ್ಯವಾಗಿ ಸೀಸದವು. ಸೀಸ ಭಾರವಾದ, ಮೆದುವಾದ, ಅಗ್ಗದ ಲೋಹ. ಆ ಮೆದುತನವೇ ಅಪಾಯಕ್ಕೂ ಕಾರಣ. ವೇಗವಾಗಿ ಬಂದ ಸೀಸದ ರೈಫಲ್ ಗುಂಡು ಎಲುಬಿಗೆ, ಮಾಂಸಕ್ಕೆ ತಾಗಿದಾಗ ನೂರಾರು ಚೂರುಗಳಾಗಿ ಸಿಡಿಯುತ್ತದೆ. ಗಾಯದಿಂದ ಒಂದು ಅಡಿ ದೂರದಲ್ಲಿಯೂ ಇಂತಹ ಚೂರುಗಳು ಎಕ್ಸ್‌ರೇಯಲ್ಲಿ ಕಾಣಸಿಕ್ಕಿವೆ. ಅವು ಕಣ್ಣಿಗೆ ಕಾಣವು, ನಾಲಿಗೆಗೆ ತಿಳಿಯವು. ಅಮೆರಿಕದ ನಾರ್ತ್ ಡಕೋಟಾದಲ್ಲಿ ಬಡವರಿಗೆಂದು ದಾನವಾಗಿ ಬಂದ ಜಿಂಕೆ ಮಾಂಸದ ಪೊಟ್ಟಣಗಳಲ್ಲಿ 2008ರಲ್ಲಿ ಸೀಸ ಪತ್ತೆಯಾಗಿತ್ತು. ದೇಹಕ್ಕೆ ಸೇರುವ ಸೀಸಕ್ಕೆ ಸುರಕ್ಷಿತ ಪ್ರಮಾಣವೆಂಬುದು ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮಕ್ಕಳ ಮೆದುಳಿನ ಬೆಳವಣಿಗೆಯನ್ನೂ ಗರ್ಭದಲ್ಲಿರುವ ಶಿಶುವನ್ನೂ ಅದು ಹೆಚ್ಚಾಗಿ ಬಾಧಿಸುತ್ತದೆ.

ಮಾಂಸ ತಿನ್ನದಿದ್ದ ಮೇಲೆ ನಮಗೇನು ಎಂದು ಕೇಳಬಹುದು. ಅಪಾಯದ ದಾರಿಗಳು ಇನ್ನೂ ಇವೆ. ಗಾಯಗೊಂಡು ಓಡಿದ ಹಂದಿ ಪೊದೆಯಲ್ಲಿ ಸತ್ತರೆ ಅದನ್ನು ತಿನ್ನುವ ನಾಯಿ, ನರಿ, ಹದ್ದುಗಳ ಹೊಟ್ಟೆಗೆ ಸೀಸ ಸೇರುತ್ತದೆ. ಕೇಪಿನ ಕೋವಿ ಇರುವ ಕೆಲವರು ಸೀಸವನ್ನು ಮನೆಯಲ್ಲಿಯೇ ಕರಗಿಸಿ ಗುಂಡು ಎರೆಯುವುದುಂಟು. ಸೀಸ 327 ಡಿಗ್ರಿ ಸೆಲ್ಸಿಯಸ್‌ನಲ್ಲಿಯೇ ಕರಗುವುದರಿಂದ ಇದಕ್ಕೆ ಅಡುಗೆಯ ಒಲೆಯೇ ಸಾಕು. ಆದರೆ ಆ ಹೊಗೆ ಮತ್ತು ಧೂಳು ಪಾತ್ರೆ, ನೆಲ, ಬಟ್ಟೆಗಳ ಮೂಲಕ ಮಕ್ಕಳನ್ನು ತಲಪುತ್ತದೆ. ಹೂಳುವ ಜಾಗದ ವಿಷಯವೂ ಇದೆ. ಒಂದು ಹಂದಿಯೊಂದಿಗೆ ಮಣ್ಣು ಸೇರುವ ಸೀಸ ಕೆಲವು ಗ್ರಾಂ ಮಾತ್ರ. ಅದರಿಂದಲೇ ಬಾವಿ ಕೆಡುತ್ತದೆ ಎಂದು ಭಯ ಹುಟ್ಟಿಸುವುದು ಸರಿಯಲ್ಲ. ಆದರೆ ಹುಳಿ ಗುಣದ ಮಣ್ಣಿನಲ್ಲಿ ಸೀಸ ಹೆಚ್ಚು ಕರಗುತ್ತದೆ, ನಮ್ಮ ಮುರಕಲ್ಲಿನ ಮಣ್ಣು ಅಂತಹುದೇ. ಬಾವಿ, ಸುರಂಗಗಳ ನೀರನ್ನೇ ನಂಬಿದ ನಾವು ಒಂದೇ ಜಾಗದಲ್ಲಿ ಮತ್ತೆ ಮತ್ತೆ ಹೂಳುವುದನ್ನು ತಪ್ಪಿಸಬೇಕು.

ಪರ್ಯಾಯವೇನು? ರೈಫಲ್ ಉಳ್ಳವರಿಗೆ ತಾಮ್ರದ ಗುಂಡು. ಅದು ಪ್ರಾಣಿಯ ದೇಹದಲ್ಲಿ ಹೂವಿನಂತೆ ಅರಳುತ್ತದೆಯೇ ಹೊರತು ಚೂರಾಗುವುದು ಬಹಳ ಕಡಿಮೆ. ತಾಮ್ರ ಸೀಸಕ್ಕಿಂತ ಸುಮಾರು ಐದನೇ ಒಂದು ಭಾಗದಷ್ಟು ಹಗುರ. ಆದುದರಿಂದ ಅದೇ ತೂಕದ ತಾಮ್ರದ ಗುಂಡು ಹೆಚ್ಚು ಉದ್ದವಾಗಿರುತ್ತದೆ, ಹಳೆಯ ನಳಿಗೆಯ ಸುರುಳಿಗೆರೆ ಅದನ್ನು ನೇರವಾಗಿ ತಿರುಗಿಸಲಾರದೆ ಹೋಗಬಹುದು. ತೂಕದಲ್ಲಿ ಒಂದು ಹೆಜ್ಜೆ ಕಡಿಮೆ ಇರುವುದನ್ನು ಆರಿಸುವುದು ವಾಡಿಕೆ. ತಾಮ್ರ ಅರಳಲು ವೇಗ ಬೇಕಾದುದರಿಂದ ದೂರದ ಗುರಿ ಸಲ್ಲದು. ಗುಂಡು ಬದಲಾದಾಗ ಗುರಿಯನ್ನು ಹೊಸದಾಗಿ ಹೊಂದಿಸಿ ಪರೀಕ್ಷಿಸಲೇಬೇಕು.

ತೋಟೆ ಕೋವಿಯ ವಿಷಯ ಬೇರೆ. ಉಕ್ಕಿನ ಚರೆ ಸೀಸಕ್ಕಿಂತ ಗಟ್ಟಿ. ಬಾಯಿ ಕಿರಿದಾದ ಅಥವಾ ಹಳೆಯ ನಳಿಗೆಯನ್ನು ಅದು ಹಾಳುಮಾಡಬಲ್ಲದು. ಬಿಸ್ಮತ್ ಚರೆ ಮೆದುವಾದರೂ ದುಬಾರಿ. ಕೋವಿ ತಯಾರಕರು ಸೂಕ್ತವೆಂದು ಹೇಳದ ತೋಟೆಯನ್ನು ಬಳಸಲೇಬಾರದು. ಸೀಸ ಬೇಡವೆಂದು ಕೇಪಿನ ಕೋವಿಗೆ ಕಬ್ಬಿಣದ ತುಂಡು, ಸೈಕಲ್ಲಿನ ಬೇರಿಂಗ್ ಗುಂಡುಗಳನ್ನು ತುಂಬುವುದು ಪ್ರಾಣಾಪಾಯಕ್ಕೆ ಆಹ್ವಾನ. ಗುಂಡು ಯಾವುದೇ ಇರಲಿ, ಕಲ್ಲಿಗೆ ತಾಗಿದರೆ ಪುಟಿಯುತ್ತದೆ. ಹಂದಿಯ ಹಿಂದೆ ಮಣ್ಣಿನ ದಿಬ್ಬವಿಲ್ಲದೆ, ಮನೆಗಳ ದಿಕ್ಕಿಗೆ ಕೋವಿ ಎತ್ತಕೂಡದು.

ಹೊರಗಿನ ಜಗತ್ತು ಈ ದಾರಿಯಲ್ಲಿ ಮುಂದೆ ಹೋಗಿದೆ. ಕ್ಯಾಲಿಫೋರ್ನಿಯಾ 2019ರ ಜುಲೈಯಿಂದ ಬೇಟೆಗೆ ಸೀಸದ ಗುಂಡನ್ನು ಸಂಪೂರ್ಣವಾಗಿ ನಿಷೇಧಿಸಿತು. ಸೀಸದ ಚರೆಯನ್ನು ದಶಕಗಳ ಹಿಂದೆಯೇ ಕೈಬಿಟ್ಟ ಡೆನ್ಮಾರ್ಕ್, 2024ರಲ್ಲಿ ಸೀಸದ ರೈಫಲ್ ಗುಂಡನ್ನೂ ನಿಷೇಧಿಸಿತು. ನಮ್ಮಲ್ಲಿ ಅಂತಹ ನಿಯಮ ನಾಳೆಯೇ ಬರಬೇಕೆಂದಲ್ಲ. ಪಂಚಾಯತುಗಳು ಪಟ್ಟಿಯಲ್ಲಿರುವ ಕೋವಿಧಾರಿಗಳಿಂದ ಕೋವಿ ಮತ್ತು ಗುಂಡಿನ ವಿವರ ಪಡೆಯಬಹುದು. ಜಲಮೂಲದಿಂದ ದೂರ, ನಾಯಿ ನರಿಗಳು ಕೆದಕದಷ್ಟು ಆಳದಲ್ಲಿ ಹೂಳಿಸಬಹುದು. ಗಾಯಗೊಂಡ ಹಂದಿಯನ್ನು ಹುಡುಕಿ ತೆಗೆಯುವುದನ್ನು ಕಡ್ಡಾಯ ಮಾಡಬಹುದು.

ಈ ಸೂಚನೆಗಳು ಕನ್ನಡದಲ್ಲಿಯೂ ಸಿಗಬೇಕು. ಕನ್ನಡ ಅಲ್ಪಸಂಖ್ಯಾತರು ತಮ್ಮ ಭಾಷೆಯಲ್ಲಿ ಸರಕಾರದೊಂದಿಗೆ ವ್ಯವಹರಿಸಿ ಉತ್ತರ ಪಡೆಯುವ ಹಕ್ಕನ್ನು 1969ರ ಕೇರಳ ಅಧಿಕೃತ ಭಾಷಾ ಕಾಯಿದೆಯೇ ಕೊಟ್ಟಿದೆ. ಕೋವಿ ಹಿಡಿದವನಿಗೆ ಆದೇಶದ ಷರತ್ತು ಓದಲು ಬಾರದಿದ್ದರೆ ತೊಂದರೆ ಅವನೊಬ್ಬನದಾಗಿ ಉಳಿಯುವುದಿಲ್ಲ.

ಗೇರು ತೋಟಗಳ ಮೇಲೆ ಆಕಾಶದಿಂದ ಎಂಡೋಸಲ್ಫಾನ್ ಸುರಿದಾಗ ಅದೂ ಬೆಳೆ ಉಳಿಸುವ ಮದ್ದೆಂದೇ ಹೇಳಲಾಗಿತ್ತು. ಅದರ ಬೆಲೆಯನ್ನು ಪಡ್ರೆ, ಸ್ವರ್ಗದ ಮನೆಗಳು ಇಂದಿಗೂ ತೆರುತ್ತಿವೆ. ಸೀಸದ ಪ್ರಮಾಣ ಅದಕ್ಕೆ ಹೋಲಿಸುವಷ್ಟು ದೊಡ್ಡದಲ್ಲ. ಆದರೂ ಬೆಳೆ ಉಳಿಸಲು ಬಳಸುವ ವಸ್ತು ಮಣ್ಣಿಗೆ, ಮಕ್ಕಳಿಗೆ ಏನು ಮಾಡುತ್ತದೆಂದು ಮೊದಲೇ ವಿಚಾರಿಸುವ ಅಭ್ಯಾಸವನ್ನು ಈ ಜಿಲ್ಲೆಯವರಾದ ನಾವು ಬಿಡಲಾಗದು.