ಮುಗಿಯದ ಆಷಾಢ

2024ರ ಭೀಮನ ಅಮಾವಾಸ್ಯೆ ಭಾನುವಾರ ಬಂದಿತ್ತು. ಅದೊಂದು ಪುಣ್ಯ. ವಾರದ ದಿನವಾಗಿದ್ದರೆ ನ್ಯೂಜೆರ್ಸಿಯ ಭಾವ ಬೆಳಿಗ್ಗೆ ಒಂಬತ್ತೂವರೆಗೆ ಆಫೀಸಿನ ಮೀಟಿಂಗಿನಲ್ಲಿರುತ್ತಿದ್ದರು. ಆ ದಿನ ಲ್ಯಾಪ್‌ಟಾಪ್ ಮುಂದೆ ಕುರ್ಚಿ ಎಳೆದುಕೊಂಡು ಕೂತಿದ್ದರು. ಇಲ್ಲಿ ಶಿವಮೊಗ್ಗದಲ್ಲಿ ಸಂಜೆ ಏಳು ಗಂಟೆ. ಚಿಕ್ಕಮ್ಮನ ಮಗಳು ಜೋಡಿ ದೀಪದ ಕಂಬಗಳಿಗೆ ಪೂಜೆ ಮುಗಿಸಿ, ಒಂಬತ್ತು ಗಂಟಿನ ದಾರ ಕೈಗೆ ಕಟ್ಟಿಸಿಕೊಂಡು, ಮಣೆಯ ಮೇಲೆ ತಂಬಿಗೆಗೆ ಒರಗಿಸಿ ಫೋನ್ ನಿಲ್ಲಿಸಿದಳು. ಪಾದಪೂಜೆ ಬಾಕಿ ಇತ್ತು.

"ರೀ, ಮುಖ ಬೇಡ, ಕಾಲು ತೋರಿಸಿ."

ಭಾವ ಕಾಲೆತ್ತಿ ಕ್ಯಾಮೆರಾಕ್ಕೆ ಹಿಡಿದರು. ಕಾಲುಚೀಲ ಹಾಗೇ ಇತ್ತು. ಅಡುಗೆಮನೆಯಿಂದ ಇಣುಕಿದ ಚಿಕ್ಕಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ಕಾಲುಚೀಲ ಬಿಚ್ಚಿದ ಮೇಲೆ ತಂಗಿ ಫೋನಿನ ಗಾಜಿಗೆ ಅರಿಶಿನ ಕುಂಕುಮ ಹಚ್ಚಿ, ಒಂದು ಸೇವಂತಿಗೆ ಇಟ್ಟು ನಮಸ್ಕಾರ ಮಾಡಿದಳು. ಆಮೇಲೆ ಅಣ್ಣನಾದ ನನ್ನ ಸರದಿ. ಹೊಸಿಲ ಮೇಲಿಟ್ಟ ಭಂಡಾರವನ್ನು ಮೊಣಕೈಯಲ್ಲಿ ಗುದ್ದಿ ಒಡೆದು, ಒಳಗಿನ ನಾಣ್ಯ ಜೇಬಿಗೆ ಹಾಕಿಕೊಂಡೆ. ಮರುದಿನದಿಂದ ಅವಳ ಫೋನಿನ ಸ್ಪೀಕರ್ ಗೊರಗೊರ ಎನ್ನತೊಡಗಿತು. ಕುಂಕುಮ ಜಾಲರಿಯೊಳಗೆ ಇಳಿದಿತ್ತು. ರಿಪೇರಿ ಅಂಗಡಿಯವನು ಬ್ರಷ್ಷಿನಿಂದ ಕೆರೆದು ತೆಗೆಯುತ್ತಾ, "ಮೇಡಂ, ಈಗೆಂಥ ಹೋಳಿ?" ಎಂದು ಕೇಳಿದನಂತೆ.

ನಮ್ಮ ಕಡೆ ಮದುವೆಯಾದ ಮೊದಲ ಆಷಾಢದಲ್ಲಿ ಮಗಳನ್ನು ತವರಿಗೆ ಕರೆತರುತ್ತಾರೆ. ಅತ್ತೆ ಸೊಸೆ ಒಂದೇ ಹೊಸಿಲು ದಾಟಬಾರದು, ಗಂಡ ಹೆಂಡತಿ ದೂರ ಇರಬೇಕು ಎಂದೆಲ್ಲ ಕಾರಣ ಹೇಳುತ್ತಾರೆ. ಏನೇ ಆದರೂ ಅದು ಒಂದು ತಿಂಗಳ ಮಾತು. ಶ್ರಾವಣ ಬಂತೆಂದರೆ ಅಳಿಯ ಬಾಗಿಲಲ್ಲಿ. ಈ ಹುಡುಗಿಯದು ಅದು ಎರಡನೆಯ ಆಷಾಢ, ಶ್ರಾವಣದ ಸುಳಿವು ಎಲ್ಲೂ ಇರಲಿಲ್ಲ. ಯಾವ ದಿನಾಂಕದ ಅರ್ಜಿಯವರೆಗೆ ಸರದಿ ಬಂದಿದೆ ಎಂದು ತಿಳಿಸುವ, ಆ ತಿಂಗಳ ಅಮೆರಿಕದ ವೀಸಾ ಬುಲೆಟಿನ್‌ನಲ್ಲಿ ಅವಳ ಸಾಲಿನ ದಿನಾಂಕ ಇನ್ನೂ 2021ರಲ್ಲೇ ನಿಂತಿತ್ತು. ಅವಳ ಅರ್ಜಿಯದು 2023ರ ಜನವರಿ.

ಕೇಳಿದವರೆಲ್ಲ ಮೊದಲು ಹೇಳುವುದು ಒಂದೇ ಮಾತು: "ಗಂಡನಿಗೆ ಗ್ರೀನ್ ಕಾರ್ಡ್ ಇದೆಯಲ್ಲ, ಮತ್ತೇನು ತೊಂದರೆ?" ಗ್ರೀನ್ ಕಾರ್ಡ್ ಇರುವುದೇ ತೊಂದರೆ. ಇದನ್ನು ಬಿಡಿಸಿ ಹೇಳುವ ಹೊತ್ತಿಗೆ ಕಾಫಿ ಆರಿಹೋಗುತ್ತದೆ, ಆದರೂ ಹೇಳಲೇಬೇಕು.

ಎಚ್-1ಬಿ ವೀಸಾದ ಮೇಲೆ ಹೋದ ಹುಡುಗ ಕಾಗದದ ಪ್ರಕಾರ ತಾತ್ಕಾಲಿಕ ಕೆಲಸಗಾರ. ಅವನು ಮದುವೆಯಾದರೆ ಹೆಂಡತಿಗೆ ಎಚ್-4 ಸಿಗುತ್ತದೆ. ವಾರ್ಷಿಕ ಮಿತಿ ಇಲ್ಲ, ದೇಶವಾರು ಕೋಟಾ ಇಲ್ಲ, ಸಂದರ್ಶನದ ದಿನಾಂಕ ಸಿಕ್ಕರೆ ಕೆಲವು ತಿಂಗಳಲ್ಲಿ ವಿಮಾನ ಹತ್ತಬಹುದು. ಅಮೆರಿಕದ ಪೌರನಾಗಿದ್ದರೆ ಅವನ ಹೆಂಡತಿ ‘ಹತ್ತಿರದ ಬಂಧು’. ಅವಳಿಗೂ ಮಿತಿ ಇಲ್ಲ, ಕಾಗದಪತ್ರ ಓಡಾಡುವಷ್ಟು ಸಮಯ ಕಾದರೆ ಸಾಕು. ಇವೆರಡರ ನಡುವೆ ಸಿಕ್ಕಿಬಿದ್ದವನು ಗ್ರೀನ್ ಕಾರ್ಡಿನವನು. ‘ಕಾನೂನುಬದ್ಧ ಶಾಶ್ವತ ನಿವಾಸಿ’ ಎಂಬ ಉದ್ದ ಹೆಸರು ಅವನಿಗೆ. ಇಂಥವರ ಗಂಡ, ಹೆಂಡತಿ ಅಥವಾ 21 ವರ್ಷದೊಳಗಿನ ಅವಿವಾಹಿತ ಮಕ್ಕಳಿಗೆ ಎಫ್-2ಎ ಎಂಬ ಸಾಲು; ಇಡೀ ಜಗತ್ತಿಗೆ ಸೇರಿ ವರ್ಷಕ್ಕೆ ಸುಮಾರು 88 ಸಾವಿರ ವೀಸಾ. ಶಾಶ್ವತವಾಗಿ ಇರು ಎಂದು ಕಾರ್ಡ್ ಕೊಟ್ಟ ದೇಶ, ಒಬ್ಬನೇ ಇರು ಎಂಬುದನ್ನು ಸಣ್ಣಕ್ಷರದಲ್ಲಿ ಬರೆದಿರುತ್ತದೆ.

ಇನ್ನೂ ಒಂದು ಸೂಕ್ಷ್ಮವಿದೆ, ನಮ್ಮ ಮನೆಯ ಕಥೆ ಕೆಟ್ಟದ್ದು ಅಲ್ಲೇ. ಗ್ರೀನ್ ಕಾರ್ಡ್ ಮಂಜೂರಾಗುವ ಹಿಂದಿನ ದಿನ ಮದುವೆಯಾಗಿದ್ದರೂ ಸಾಕಿತ್ತು, ಹೆಂಡತಿ ಗಂಡನ ಉದ್ಯೋಗದ ಸಾಲಿನಲ್ಲೇ, ಅವನದೇ ದಿನಾಂಕದ ಮೇಲೆ ಹಿಂಬಾಲಿಸಿ ಹೋಗಬಹುದಿತ್ತು. ಮರುದಿನ ಆದರೆ ಎಫ್-2ಎ ಸಾಲಿನ ಕೊನೆ. ತಂಗಿಯ ನಿಶ್ಚಿತಾರ್ಥ ಆದದ್ದು 2022ರ ಜ್ಯೇಷ್ಠದಲ್ಲಿ. ಭಾವ ಹನ್ನೊಂದು ವರ್ಷದಿಂದ ಎಚ್-1ಬಿಯಲ್ಲೇ ಇದ್ದವರು. "ಬೇಗ ಮಾಡಿಬಿಡಿ, ಕಾರ್ಡ್ ಯಾವಾಗ ಬೇಕಾದರೂ ಬರಬಹುದು" ಎಂದು ಅವರು ಅಲ್ಲಿಂದ ಹೇಳುತ್ತಲೇ ಇದ್ದರು. ಇಲ್ಲಿ ಯಾರು ಕೇಳಬೇಕು? ಆಷಾಢದಲ್ಲಿ ಮದುವೆ ಉಂಟೇ? ಶ್ರಾವಣದಲ್ಲಿ ಛತ್ರ ಸಿಗಲಿಲ್ಲ. ಭಾದ್ರಪದದಲ್ಲಿ ಪಿತೃಪಕ್ಷ. ಆ ಪಿತೃಪಕ್ಷದಲ್ಲೇ ಕಾರ್ಡ್ ಮಂಜೂರಾಯಿತು. ಮನೆಯಲ್ಲಿ ಸಿಹಿ ಹಂಚಿದರು. ಡಿಸೆಂಬರ್ ಮೊದಲ ವಾರ, ಧನುರ್ಮಾಸಕ್ಕೆ ಮುಂಚೆ, ಒಳ್ಳೆಯ ಲಗ್ನದಲ್ಲಿ ಧಾರೆ ಆಯಿತು. ಆ ಲಗ್ನ ನೋಡಿಕೊಟ್ಟ ಜೋಯಿಸರ ಮೇಲೆ ನನಗೆ ಸಿಟ್ಟಿಲ್ಲ. ಅವರ ಪಂಚಾಂಗದಲ್ಲಿ ವೀಸಾ ಬುಲೆಟಿನ್ ಇರಲಿಲ್ಲ, ಅಷ್ಟೆ.

ಆ ಕಾರ್ಡ್ ಆ ವರ್ಷವೇ ಏಕೆ ಬಂತು ಎಂಬುದು ನನಗೆ ತಿಳಿದದ್ದು ಬಹಳ ತಡವಾಗಿ. ಕೋವಿಡ್ ಕಾಲದಲ್ಲಿ ದೂತಾವಾಸಗಳು ಬಾಗಿಲು ಹಾಕಿದ್ದರಿಂದ ಕುಟುಂಬದ ಸಾಲುಗಳಲ್ಲಿ ಕೊಡಬೇಕಿದ್ದ ಸುಮಾರು 1.4 ಲಕ್ಷ ವೀಸಾಗಳು 2021ರಲ್ಲಿ ಹಾಗೇ ಉಳಿದವು. ಒಂದು ವರ್ಷ ಕುಟುಂಬದ ಸಾಲಿನಲ್ಲಿ ಉಳಿದದ್ದು ಮರುವರ್ಷ ಉದ್ಯೋಗದ ಸಾಲಿಗೆ ಹೋಗಬೇಕೆಂಬುದು ಅಲ್ಲಿನ ಕಾನೂನು. ಹೀಗಾಗಿ ಸಾಮಾನ್ಯವಾಗಿ 1.4 ಲಕ್ಷ ಇರುವ ಉದ್ಯೋಗದ ಗ್ರೀನ್ ಕಾರ್ಡುಗಳು 2022ರಲ್ಲಿ 2.8 ಲಕ್ಷ ದಾಟಿದವು. ದಶಕದಿಂದ ಕಾಯುತ್ತಿದ್ದ ಭಾರತದ ಎಂಜಿನಿಯರುಗಳ ಸಾಲು ಮುಂದೆ ಜರುಗಿತು, ಭಾವನಿಗೂ ಸಿಕ್ಕಿತು. ಯಾರದೋ ಗಂಡನಿಗೆ, ಯಾರದೋ ಮಗುವಿಗೆ ತಲುಪದೆ ಉಳಿದ ಸಂಖ್ಯೆಯಲ್ಲಿ ಒಂದು ಇವರ ಕೈಗೆ ಬಂದು, ಆ ಒಂದರಿಂದಲೇ ಇವರ ಹೆಂಡತಿ ಸಾಲಿನ ಕೊನೆಗೆ ಬಿದ್ದಳು. ಲೆಕ್ಕಪತ್ರದ ಈ ಆಟವನ್ನು ಚಿಕ್ಕಮ್ಮನಿಗೆ ಹೇಳಲು ನಾನು ಹೋಗಿಲ್ಲ.

ಅರ್ಜಿ ಹಾಕಿದಾಗ ಎಲ್ಲರೂ ಹೇಳಿದ್ದು ವರ್ಷ, ಒಂದೂವರೆ ವರ್ಷ ಎಂದು. ಸುಳ್ಳಲ್ಲ. 2019ರ ಜುಲೈಯಿಂದ ಎಫ್-2ಎ ‘ಕರೆಂಟ್’ ಆಗಿತ್ತು. ಅಂದರೆ ಸಾಲೇ ಇಲ್ಲ, ಅರ್ಜಿ ಪರಿಶೀಲನೆಯಾದರೆ ಆಯಿತು. 2023ರ ಏಪ್ರಿಲ್ ಬುಲೆಟಿನ್ ಬಂದಾಗ ಆ ದಿನಾಂಕ ಒಂದೇ ಏಟಿಗೆ 2020ರ ಸೆಪ್ಟೆಂಬರಿಗೆ ಹಿಂದೆ ಹೋಯಿತು. ಇದಕ್ಕೆ ‘ರೆಟ್ರೊಗ್ರೆಶನ್’ ಎಂಬ ಹೆಸರು. ನಮ್ಮ ಮನೆಯಲ್ಲಿ ಅದಕ್ಕೆ ‘ವಕ್ರ’ ಎನ್ನುತ್ತಾರೆ, ಗ್ರಹ ಹಿಂದಕ್ಕೆ ನಡೆದಾಗ ಹೇಳುವ ಹಾಗೆ. ಪ್ರತಿ ತಿಂಗಳು ಹೊಸ ಬುಲೆಟಿನ್ ಬರುತ್ತದೆ. "ಬಂತಾ? ಎಷ್ಟು ಸರಿಯಿತು?" ಎಂದು ತಂಗಿ, ಭಾವ ಇಬ್ಬರೂ ಒಬ್ಬರನ್ನೊಬ್ಬರು ಕೇಳುತ್ತಾರೆ. ಕೆಲವು ತಿಂಗಳು ಎರಡು ವಾರ ಸರಿಯುತ್ತದೆ, ಕೆಲವು ತಿಂಗಳು ಅಲ್ಲಾಡುವುದಿಲ್ಲ.

"ಅಷ್ಟರವರೆಗೆ ಟೂರಿಸ್ಟ್ ವೀಸಾದಲ್ಲಿ ಹೋಗಿ ನೋಡಿಕೊಂಡು ಬರಬಾರದೇ?" ಇದು ಎರಡನೆಯ ಸಲಹೆ. ಪ್ರವಾಸಿ ವೀಸಾ ಕೇಳುವವರೆಲ್ಲ ಅಲ್ಲೇ ನೆಲೆಸಲು ಬರುವವರು ಎಂದು ಅಮೆರಿಕದ ಕಾನೂನು ಮೊದಲೇ ನಂಬಿಕೊಂಡಿರುತ್ತದೆ. ವಾಪಸ್ ಬರುತ್ತೇನೆಂದು ರುಜುವಾತು ಮಾಡುವುದು ಕೇಳುವವರ ಹೊಣೆ. ಗಂಡ ಅಲ್ಲಿದ್ದಾನೆ, ನೆಲೆಸುವ ಅರ್ಜಿ ಫೈಲಿನಲ್ಲಿದೆ, ಇನ್ನು ಯಾವ ರುಜುವಾತು? ಹಾಗಾದರೆ ಗಂಡನೇ ಬಂದಿರಲಿ ಎಂದರೆ, ಆರು ತಿಂಗಳು ಮೀರಿ ಹೊರಗಿದ್ದರೆ ಪೌರತ್ವಕ್ಕೆ ಬೇಕಾದ ‘ನಿರಂತರ ವಾಸ’ದ ಲೆಕ್ಕಕ್ಕೆ ಪೆಟ್ಟು, ವರ್ಷ ಮೀರಿದರೆ ಕಾರ್ಡಿಗೇ ಸಂಚಕಾರ. ವರ್ಷಕ್ಕೆ ಮೂರು ವಾರ ರಜೆ ಹಾಕಿ ಬರುತ್ತಾರೆ. ಅದರಲ್ಲಿ ಎರಡು ದಿನ ಪ್ರಯಾಣ, ನಾಲ್ಕು ದಿನ ನಿದ್ದೆಗೆಟ್ಟ ಮಂಪರು, ಉಳಿದದ್ದರಲ್ಲಿ ಅರ್ಧ ನೆಂಟರ ಮನೆಯ ಊಟ.

ಇನ್ನೊಂದು ದಾರಿ ಇದೆ. ಕಾರ್ಡ್ ಬಂದು ಐದು ವರ್ಷ ತುಂಬಲು ಮೂರು ತಿಂಗಳಿರುವಾಗಲೇ, ಅಂದರೆ 2027ರ ಜೂನ್ ಹೊತ್ತಿಗೆ, ಭಾವ ಪೌರತ್ವಕ್ಕೆ ಅರ್ಜಿ ಹಾಕಬಹುದು. ಪ್ರಮಾಣವಚನ ಮುಗಿದ ದಿನ ಇದೇ ಹೆಂಡತಿ, ಇದೇ ಮದುವೆ, ಇದೇ ಫೈಲು ‘ಹತ್ತಿರದ ಬಂಧು’ ಆಗಿಬಿಡುತ್ತದೆ. ಆದರೆ ಭಾರತ ಎರಡು ಪೌರತ್ವ ಒಪ್ಪುವುದಿಲ್ಲ, ನೀಲಿ ಪಾಸ್‌ಪೋರ್ಟ್ ಒಪ್ಪಿಸಬೇಕು. ಸಾಗರದ ಕಡೆ ತೋಟವಿರುವ ಮನೆ ಅವರದು. ಹಾಗೆ ಬೇರೆ ದೇಶದ ಪೌರರಾದ ಭಾರತ ಮೂಲದವರಿಗೆ ಸಿಗುವ ಒಸಿಐ ಕಾರ್ಡ್ ಇದ್ದರೆ ಪಿತ್ರಾರ್ಜಿತ ಜಮೀನು ಬರುತ್ತದೆ, ಹೊಸದಾಗಿ ಕೃಷಿಭೂಮಿ ಕೊಳ್ಳುವಂತಿಲ್ಲ. ಪಕ್ಕದ ಎರಡು ಎಕರೆ ಅಡಿಕೆ ತೋಟದ ಮೇಲೆ ಭಾವನ ಅಪ್ಪ ವರ್ಷಗಳಿಂದ ಕಣ್ಣಿಟ್ಟು ಕೂತಿದ್ದಾರೆ. ತೋಟವೋ ಸೊಸೆಯೋ ಎಂದು ಯಾರೂ ಬಾಯಿಬಿಟ್ಟು ಕೇಳಿಲ್ಲ.

ಬೆಂಗಳೂರಿನಲ್ಲಿ ಅಮೆರಿಕದ ದೂತಾವಾಸ 2025ರ ಜನವರಿಯಲ್ಲಿ ಉದ್ಘಾಟನೆಯಾದಾಗ ಚಿಕ್ಕಮ್ಮ ಟಿವಿ ನೋಡಿ ಫೋನ್ ಮಾಡಿದರು, "ಇನ್ನು ಬೇಗ ಆಗ್ತದಾ?" ಎಂದು. ವೀಸಾ ಕೊಡುವ ಕೆಲಸ ಆಗ ಅಲ್ಲಿ ಶುರುವಾಗಿರಲಿಲ್ಲ. ಶುರುವಾದರೂ ನಮಗೇನು? ಸಂದರ್ಶನಕ್ಕೆ ಮುಂಬೈಗೆ ಹೋಗುವ ರೈಲಿನ ಖರ್ಚು ಉಳಿಯಬಹುದು. ಸಾಲು ಇರುವುದು ವಾಷಿಂಗ್ಟನ್ನಿನ ಶಾಸನದೊಳಗೆ.

ಆ ಶಾಸನದ ಹುಟ್ಟಿನ ಕಥೆಯೂ ಸ್ವಾರಸ್ಯದ್ದೇ. ಇಪ್ಪತ್ತನೆಯ ಶತಮಾನದ ಮೊದಲಲ್ಲಿ ಕ್ಯಾಲಿಫೋರ್ನಿಯಾದ ಹೊಲಗಳಿಗೆ ದುಡಿಯಲು ಹೋದ ಪಂಜಾಬಿಗಳಿಗೆ ಊರಿನಿಂದ ಹೆಂಡಿರನ್ನು ಕರೆಸಿಕೊಳ್ಳಲು ಕಾನೂನು ಬಿಡಲಿಲ್ಲ. ಅವರಲ್ಲಿ ನೂರಾರು ಮಂದಿ ಅಲ್ಲೇ ಮೆಕ್ಸಿಕನ್ ಮೂಲದ ಹೆಣ್ಣುಗಳನ್ನು ಮದುವೆಯಾದರು. 1946ರಲ್ಲಿ ಬಾಗಿಲು ಒಂದು ಬೆರಳಿನಷ್ಟು ತೆರೆಯಿತು, ಭಾರತಕ್ಕೆ ವರ್ಷಕ್ಕೆ 100 ಜನ. 1965ರಲ್ಲಿ ಲಿಂಡನ್ ಜಾನ್ಸನ್ ಸಹಿ ಹಾಕಿದ ಕಾನೂನು ರಾಷ್ಟ್ರಮೂಲದ ಕೋಟಾ ಕಿತ್ತುಹಾಕಿ ಕುಟುಂಬಕ್ಕೆ ಮೊದಲ ಮಣೆ ಹಾಕಿತು. ಆಗಲೇ ಅಲ್ಲಿದ್ದ ಯುರೋಪಿಯನ್ನರು ತಮ್ಮ ಬಂಧುಗಳನ್ನೇ ಕರೆಸಿಕೊಳ್ಳುತ್ತಾರೆ, ದೇಶದ ಬಣ್ಣ ಬದಲಾಗದು ಎಂಬ ಲೆಕ್ಕಾಚಾರವೂ ಅದನ್ನು ಬೆಂಬಲಿಸಿದ ಕೆಲವರಿಗೆ ಇತ್ತು. ಬಂದವರು ಏಷ್ಯಾದವರು, ಲ್ಯಾಟಿನ್ ಅಮೆರಿಕದವರು. ಅಂದಿನಿಂದ ‘ಕುಟುಂಬ’ ಎಂಬ ಪದ ಅಲ್ಲಿನ ರಾಜಕೀಯದಲ್ಲಿ ನೆಮ್ಮದಿಯಿಂದ ನಿದ್ದೆ ಮಾಡಿಲ್ಲ.

ನನಗೆ ಸೋಜಿಗವೆನಿಸುವುದು ಇಷ್ಟು: ಗ್ರೀನ್ ಕಾರ್ಡಿನವರ ಹೆಂಡತಿ, ಮಕ್ಕಳನ್ನು ಕಾಯಿಸುವುದು ಸರಿ ಎಂದು ಎದೆ ತಟ್ಟಿ ವಾದಿಸುವವರು ಹುಡುಕಿದರೂ ಸಿಗುವುದಿಲ್ಲ. ವಲಸೆ ತಗ್ಗಬೇಕೆಂದ ಬಾರ್ಬರಾ ಜೋರ್ಡನ್ ಆಯೋಗ ಕೂಡ 1995ರಲ್ಲಿ, ದೂರದ ಬಂಧುಗಳ ಸಾಲು ಕೈಬಿಟ್ಟಾದರೂ ಗಂಡ, ಹೆಂಡತಿ, ಚಿಕ್ಕ ಮಕ್ಕಳ ಸಾಲನ್ನು ಮೊದಲು ಕರಗಿಸಿ ಎಂದಿತ್ತು. 2000ದ ಡಿಸೆಂಬರಿನಲ್ಲಿ ‘ವಿ’ ವೀಸಾ ಬಂತು: ಮೂರು ವರ್ಷ ಕಾದವರು ಅಲ್ಲಿಗೇ ಹೋಗಿ, ಗಂಡನ ಜೊತೆ ಇದ್ದು, ಕೆಲಸ ಮಾಡುತ್ತಾ ಕಾಯಬಹುದು. ಎಂಥ ಮಾನವೀಯ ಯೋಚನೆ! ಆದರೆ ಆ ವರ್ಷದ ಡಿಸೆಂಬರ್ 21ರೊಳಗೆ ಅರ್ಜಿ ಹಾಕಿದವರಿಗೆ ಮಾತ್ರ. ಕಾನೂನು ಪುಸ್ತಕದಲ್ಲಿ ಅದು ಇವತ್ತಿಗೂ ಇದೆ, ಪುರಾತತ್ವ ಇಲಾಖೆಯ ಬೋರ್ಡು ಹಾಕಿದ ಗುಡಿಯ ಹಾಗೆ. 2013ರಲ್ಲಿ ಸೆನೆಟ್ 68-32 ಮತಗಳಿಂದ ಒಪ್ಪಿದ ದೊಡ್ಡ ಮಸೂದೆಯಲ್ಲಿ ಇವರನ್ನೂ ‘ಹತ್ತಿರದ ಬಂಧು’ಗಳ ಪಟ್ಟಿಗೆ ಸೇರಿಸಲಾಗಿತ್ತು, ಕೆಳಮನೆ ಅದನ್ನು ಕೈಗೆತ್ತಿಕೊಳ್ಳಲೇ ಇಲ್ಲ. 2021ರ ಬೈಡನ್ ಮಸೂದೆಯಲ್ಲೂ ಅದೇ ಅಂಶ, ಅದೂ ಮತಕ್ಕೆ ಬರಲಿಲ್ಲ.

ಎಲ್ಲರೂ ಒಪ್ಪುವ ಈ ಒಂದು ಸಾಲನ್ನು ಪ್ರತಿಸಲವೂ ಗಡಿ, ಗೋಡೆ, ದಾಖಲೆ ಇಲ್ಲದವರ ಕ್ಷಮಾದಾನ ಇವುಗಳ ಜೊತೆ ಒಂದೇ ಮೂಟೆಗೆ ಕಟ್ಟುತ್ತಾರೆ. ಮೂಟೆ ಮುಳುಗಿದಾಗ ಇದೂ ಮುಳುಗುತ್ತದೆ. ಮೂಟೆ ಕಟ್ಟುವವರಿಗೂ ಅವರದೇ ತರ್ಕವಿದೆ: ಸುಲಭದ್ದನ್ನು ಮೊದಲು ಬಿಟ್ಟುಕೊಟ್ಟರೆ ಕಷ್ಟದ್ದಕ್ಕೆ ಯಾರೂ ಮತ ಹಾಕರು. ಆ ಚೌಕಾಸಿ ಮೂವತ್ತು ವರ್ಷ ನಡೆಯಿತಲ್ಲ, ಸಾಕು. ಇನ್ನೇನೂ ಬೇಡ, ‘ವಿ’ ವೀಸಾದ ಆ ಒಂದು ದಿನಾಂಕವನ್ನು ಅಳಿಸಿದರೂ ಕಾಯುವವರು ಜೊತೆಯಲ್ಲಿದ್ದು ಕಾಯುತ್ತಾರೆ. ಪಕ್ಕದ ಕೆನಡಾದಲ್ಲಿ ಪರ್ಮನೆಂಟ್ ರೆಸಿಡೆಂಟ್ ಕೂಡ ಹೆಂಡತಿಗೆ ಪ್ರಾಯೋಜಕನಾಗಬಹುದು, ಪೌರನಾಗುವವರೆಗೆ ಕಾಯಬೇಕಿಲ್ಲ. ಅದರಿಂದ ಕೆನಡಾ ಮುಳುಗಿಹೋಗಿಲ್ಲ.

ಕೋರ್ಟಿನ ಮೊರೆ ಹೋಗುವುದೂ ಕಷ್ಟ. 2024ರ ಜೂನ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಮುನ್ಯೋಸ್ ಪ್ರಕರಣದಲ್ಲಿ 6-3ರ ತೀರ್ಪು ಕೊಟ್ಟಿತು: ವಿದೇಶಿ ಗಂಡನನ್ನು ದೇಶದೊಳಗೆ ಕರೆಸಿಕೊಳ್ಳುವುದು ಪೌರಳಾದ ಹೆಂಡತಿಯ ಮೂಲಭೂತ ಹಕ್ಕಲ್ಲ. ಪೌರರ ಪಾಡೇ ಹೀಗಿರುವಾಗ ಗ್ರೀನ್ ಕಾರ್ಡಿನವರು ಯಾವ ಬಾಗಿಲು ತಟ್ಟಬೇಕು?

ನಮ್ಮ ಕಡೆ ವಧೂವರರ ಕೇಂದ್ರಗಳಲ್ಲಿ ‘ಗ್ರೀನ್ ಕಾರ್ಡ್ ವರ’ ಎಂದರೆ ಇಂದಿಗೂ ಮೇಲಿನ ಪಂಕ್ತಿ. ತಂಗಿಯನ್ನು ಕೇಳಿದರೆ ಮಾತ್ರ ಅವಳು ಬೇರೆ ಹೇಳುತ್ತಾಳೆ: "ಎಚ್-1ಬಿ ಹುಡುಗನ್ನೇ ನೋಡಿ. ಗ್ರೀನ್ ಕಾರ್ಡ್ ಇದ್ದರೆ ಬಂದ ತಾರೀಕು ಕೇಳಿ, ಆಮೇಲೆ ಜಾತಕ."

ಮದುವೆಯಾದ ವಾರವೇ ಚಿಕ್ಕಪ್ಪ ಗಾಂಧಿ ಬಜಾರಿನಿಂದ ಎರಡು ದೊಡ್ಡ ಸೂಟ್‌ಕೇಸ್ ತಂದಿದ್ದರು, ತಲಾ 23 ಕಿಲೋ ಹಿಡಿಸುವಂಥವು. ಒಂದರಲ್ಲಿ ಈಗ ಮಳೆಗಾಲದ ಕಂಬಳಿ, ರಗ್ಗುಗಳಿವೆ. ಇನ್ನೊಂದು ಮನೆಯಲ್ಲಿಲ್ಲ. ಎದುರು ಮನೆಯ ಹುಡುಗಿಗೆ ಇವಳಿಗಿಂತ ಒಂದೂವರೆ ವರ್ಷ ತಡವಾಗಿ ಮದುವೆಯಾಯಿತು, ಹುಡುಗ ಟೆಕ್ಸಸ್‌ನಲ್ಲಿ ಎಚ್-1ಬಿ. ನಾಲ್ಕೇ ತಿಂಗಳಿಗೆ ಎಚ್-4 ಸ್ಟ್ಯಾಂಪ್ ಆಗಿ ಹೊರಟಾಗ ಒಂದು ಪೆಟ್ಟಿಗೆ ಸಾಲದೆ ಬಂತು. ತಂಗಿಯೇ ಅಟ್ಟದಿಂದ ಇಳಿಸಿ, ಒರೆಸಿ, ಸಾರಿನಪುಡಿ, ಚಟ್ನಿಪುಡಿಯ ಪೊಟ್ಟಣಗಳನ್ನು ಒತ್ತಿ ತುಂಬಿ, ಜಿಪ್ ಎಳೆಯಲು ಅದರ ಮೇಲೆ ಕೂತಳು. ಹುಡುಗಿ ಕಾರು ಹತ್ತುವಾಗ ಹೇಳಿದಳು, "ಅಕ್ಕಾ, ಯಾರಾದ್ರೂ ಬರೋರ ಕೈಲಿ ವಾಪಸ್ ಕಳಿಸ್ತೀನಿ."

"ಬೇಡ ಕಣೆ, ಅಲ್ಲೇ ಇಟ್ಟಿರು," ಎಂದಳು ತಂಗಿ. "ನಾನೇ ಬಂದು ತಗೋತೀನಿ."