ಟ್ರ್ಯಾಕ್ಟರ್ ಇದ್ದರೆ ಬಡವ, ಓಮ್ನಿ ಇದ್ದರೆ ಸಾಹುಕಾರ

ತುಮಕೂರು ಬಳಿಯ ಊರ್ಡಿಗೆರೆಯ ಜೆರಾಕ್ಸ್ ಅಂಗಡಿಯೊಂದರ ಹುಡುಗ ಯಾರನ್ನೂ ಮೊದಲಿಗೆ ಆದಾಯ ಎಷ್ಟೆಂದು ಕೇಳುವುದಿಲ್ಲ. ರೇಷನ್ ಕಾರ್ಡಿನ ವಿಚಾರ ಎನ್ನುತ್ತಲೇ ಆಧಾರ್ ಇಸಕೊಂಡು, "ಕಾರು ಗೀರು ಏನಾರ ಐತಾ?" ಅನ್ನುತ್ತಾನೆ. ಆಮೇಲೆ, "ಲೋನಿಗೇಂತ ಮನೇಲಿ ಯಾರಾದ್ರೂ ಐಟಿ ರಿಟರ್ನ್ಸ್ ಹಾಕವ್ರಾ?" ಅದಾದ ಮೇಲೆ ಜಿಎಸ್‌ಟಿ, ಸರ್ಕಾರಿ ನೌಕರಿ, ಪಹಣಿಯಲ್ಲಿರುವ ಎಕರೆ. ಆದಾಯದ ಪ್ರಶ್ನೆ ಕೊನೆಗೆ, ಅದೂ ಲೋಕಾಭಿರಾಮದ ದನಿಯಲ್ಲಿ.

ದೇವರಾಯನದುರ್ಗದಿಂದ ಇಳಿದು ಬರುವಾಗ ಒಂದು ಕಾಗದದ ನಕಲು ತೆಗೆಸಲು ನಿಂತವನು ನಾನು. ಮಧ್ಯಾಹ್ನದ ತನಕ ಅಲ್ಲೇ ಕೂತುಬಿಟ್ಟೆ. ಬಿಪಿಎಲ್ ಅರ್ಹತೆಯ ಬಗ್ಗೆ ಸುತ್ತೋಲೆ, ಪತ್ರಿಕಾ ಹೇಳಿಕೆ ಓದಿ ತಿಳಿದುಕೊಂಡಿದ್ದಕ್ಕಿಂತ ಹೆಚ್ಚು ಆ ಹುಡುಗನ ಪ್ರಶ್ನೆಗಳ ಸರದಿಯಿಂದಲೇ ತಿಳಿಯಿತು. ಯಾವುದು ಕಂಪ್ಯೂಟರಿಗೆ ಕಾಣುತ್ತದೋ ಅದನ್ನು ಅವನು ಮೊದಲು ಕೇಳುತ್ತಾನೆ. ಪ್ಯಾನ್ ಕಾಣುತ್ತದೆ, ಆರ್‌ಟಿಒ ದಾಖಲೆ ಕಾಣುತ್ತದೆ. ಅಡುಗೆಮನೆಯ ಡಬ್ಬ ಕಾಣುವುದಿಲ್ಲ.

ನನ್ನೆದುರಿಗೇ ಐವತ್ತರ ಆಸುಪಾಸಿನ ಒಬ್ಬ ಹೆಂಗಸು ಬಂದರು. ಗಂಡ ಕೂಲಿ, ಒಂದೆಕರೆ ರಾಗಿ ಹೊಲ, ಮಗ ವಸಂತನರಸಾಪುರದ ಫ್ಯಾಕ್ಟರಿಯೊಂದರಲ್ಲಿ ಕಾಂಟ್ರ್ಯಾಕ್ಟ್ ಮೇಲೆ. ಹುಡುಗ ಅಡಿಕೆ ಮಂಡಿಯ ಹಳೇ ಚೀಟಿಯೊಂದನ್ನು ಮಗುಚಿ ಪೆನ್ನು ತೆಗೆದ.

"ಅಣ್ಣಂಗೆ ಕೂಲಿ ಎಷ್ಟಕ್ಕ?"

"ನಾನೂರು."

ನಾನೂರನ್ನು ಮುನ್ನೂರು ದಿನಕ್ಕೆ ಗುಣಿಸಿ ಚೀಟಿಯನ್ನು ಅವರತ್ತ ತಿರುಗಿಸಿದ. 1,20,000. "ನೋಡಿ, ಗವರ್ಮೆಂಟ್ ಲಿಮಿಟ್ಟೂ ಇಷ್ಟೇ. ಅಣ್ಣ ಒಬ್ರದಕ್ಕೇ ಮುಗೀತು."

"ಮುನ್ನೂರು ದಿನ ಯಾವನಪ್ಪ ಕೂಲಿಗೆ ಕರೀತಾನೆ?" ಎಂದು ಆಕೆ ರೇಗಿದರು. "ಮಳೆ ಕೈಕೊಟ್ರೆ ನೂರು ದಿನಾನೂ ಇಲ್ಲ."

ಹುಡುಗ ನಕ್ಕು ಮುನ್ನೂರನ್ನು ಹೊಡೆದುಹಾಕಿ ನೂರೈವತ್ತು ಬರೆದ. ಅರವತ್ತು ಸಾವಿರ. ಮನೆತನ ಮತ್ತೆ ಬಡವರ ಸಾಲಿಗೆ ಸೇರಿತು. ಆದಾಯ ಪ್ರಮಾಣಪತ್ರದಲ್ಲಿ ಬರುವುದೂ ಇಂಥದೇ ಒಂದು ಅಂದಾಜು. ಕೂಲಿಯವನ ವರ್ಷದ ದುಡಿಮೆಯನ್ನು ರೂಪಾಯಿ ಲೆಕ್ಕದಲ್ಲಿ ಹೇಳಬಲ್ಲವರು ಯಾರಿದ್ದಾರೆ? ಮಗನ ಸಂಬಳಕ್ಕೆ ಆ ಅನುಕೂಲವಿಲ್ಲ. ಅದು ಬ್ಯಾಂಕಿಗೆ ಬೀಳುತ್ತದೆ, ಪಿಎಫ್ ಕಡಿತವಾಗುತ್ತದೆ. ತಿಂಗಳಿಗೆ ಹದಿನಾಲ್ಕು ಸಾವಿರ ಅಂದರೆ ವರ್ಷಕ್ಕೆ 1,68,000. ಕಾನೂನಿನ ಪ್ರಕಾರ ಕನಿಷ್ಠ ಕೂಲಿ ಕೊಡುವ ಫ್ಯಾಕ್ಟರಿಗೆ ಹೊಕ್ಕವನು ಮೊದಲ ಸಂಬಳದಲ್ಲೇ ಬಡತನದ ಗೆರೆ ದಾಟಿಬಿಡುತ್ತಾನೆ. ನರೇಗಾ ಕೂಲಿ 2017-18ರಲ್ಲಿ 236 ರೂಪಾಯಿ ಇದ್ದದ್ದು 2025-26ಕ್ಕೆ 370 ಆಯಿತು, 1.20 ಲಕ್ಷದ ಗೆರೆ ಮಾತ್ರ ಇದ್ದಲ್ಲೇ ಇದೆ.

ಈಗ ನನ್ನ ತಲೆ ಕೆಡಿಸಿದ ವಿಷಯ, ನಾಲ್ಕು ಚಕ್ರದ ಗಾಡಿ. ನಿಯಮ ಹೇಳುವುದಿಷ್ಟು: ನಾಲ್ಕು ಚಕ್ರದ ವಾಹನ ಇದ್ದವರಿಗೆ ಬಿಪಿಎಲ್ ಇಲ್ಲ, ಆದರೆ ಹೊಟ್ಟೆಪಾಡಿಗೆ ಸ್ವತಃ ಓಡಿಸುವ ಒಂದು ಟ್ರ್ಯಾಕ್ಟರ್, ಮ್ಯಾಕ್ಸಿಕ್ಯಾಬ್ ಅಥವಾ ಟ್ಯಾಕ್ಸಿ ಇದ್ದರೆ ಅಡ್ಡಿಯಿಲ್ಲ. ಕೇಳಲಿಕ್ಕೆ ನ್ಯಾಯವಾಗಿಯೇ ಇದೆ. ಇದನ್ನು ಊರ್ಡಿಗೆರೆ ರಸ್ತೆಗೆ ತಂದು ನಿಲ್ಲಿಸಿ ನೋಡಿ. ಲಕ್ಷಗಟ್ಟಲೆ ಬೆಲೆಯ ಹೊಸ ಟ್ರ್ಯಾಕ್ಟರಿನವನು ಪಾಸು. ಮಾರುತಿ ಕಂಪನಿ 2019ರಲ್ಲೇ ಕೈಬಿಟ್ಟ ಓಮ್ನಿಯನ್ನು ಮೂರನೇ ಕೈಯಿಂದ ಕೊಂಡು, ಹಿಂದಿನ ಸೀಟು ಕಿತ್ತು, ಸೊಪ್ಪು ತರಕಾರಿ ತುಂಬಿ ತುಮಕೂರಿಗೆ ಹೊಡೆಯುವವನು ನಪಾಸು. ಅವನದು ವೈಟ್ ಬೋರ್ಡು. ಎಲ್ಲೋ ಬೋರ್ಡು ಮಾಡಿಸೋಣವೆಂದರೆ ಪರ್ಮಿಟ್ಟು, ಫಿಟ್ನೆಸ್ಸು, ಅದಕ್ಕೊಂದು ಇನ್ಶೂರೆನ್ಸು. ಬಡವನೆಂದು ರುಜುವಾತು ಮಾಡಲಿಕ್ಕೂ ಕೈಯಲ್ಲಿ ದುಡ್ಡಿರಬೇಕು! ಗಾಡಿ ಮಾರಿ ಎಷ್ಟೋ ಕಾಲವಾದರೂ ಆರ್‌ಸಿಯಲ್ಲಿ ಹೆಸರು ಬದಲಾಗದೆ ಸಿಕ್ಕಿಬೀಳುವವರೂ ಇದ್ದಾರೆ ಎಂದ ಹುಡುಗ. ಗಾಡಿ ಯಾರದೋ ಮನೆ ಮುಂದೆ ನಿಂತಿದೆ, ಅಕ್ಕಿ ನಿಂತದ್ದು ಇವರ ಮನೆಯಲ್ಲಿ.

ವಸ್ತು ನೋಡಿ ಬಡತನ ಅಳೆಯುವ ಆಸೆ ಹಳೆಯದು. 2021ರ ಫೆಬ್ರವರಿಯಲ್ಲಿ ಆಹಾರ ಸಚಿವರಾಗಿದ್ದ ಉಮೇಶ ಕತ್ತಿ, ಟಿ.ವಿ., ಫ್ರಿಜ್, ಬೈಕ್ ಇದ್ದವರು ಬಿಪಿಎಲ್ ಕಾರ್ಡ್ ವಾಪಸು ಕೊಡಬೇಕು ಎಂದು ಹೇಳಿ, ಎದ್ದ ಗದ್ದಲಕ್ಕೆ ಮಾತು ಹಿಂತೆಗೆದುಕೊಂಡರು. 2024ರ ನವೆಂಬರಿನಲ್ಲಿ ಬಿಪಿಎಲ್ ಕಾರ್ಡುಗಳು ಎಪಿಎಲ್ ಆಗಿಹೋದಾಗಲೂ ಹಾಗೇ ಆಯಿತು. ಸಾಲಕ್ಕಾಗಿ ರಿಟರ್ನ್ಸ್ ಸಲ್ಲಿಸಿ ಒಂದು ಪೈಸೆ ತೆರಿಗೆಯನ್ನೂ ಕಟ್ಟದವರು ಕಾರ್ಡ್ ಕಳೆದುಕೊಂಡಿದ್ದರು. ಸರ್ಕಾರಿ ನೌಕರರು ಮತ್ತು ತೆರಿಗೆದಾರರನ್ನು ಬಿಟ್ಟು ಉಳಿದವರ ಕಾರ್ಡ್ ಮರಳಿಸಿ ಎಂದು ಮುಖ್ಯಮಂತ್ರಿ ಹೇಳಬೇಕಾಯಿತು.

ಹಿಂದಿನ ಕಥೆ ಓದುಗರಿಗೆ ಗೊತ್ತಿದ್ದದ್ದೇ. ರಾಮಕೃಷ್ಣ ಹೆಗಡೆಯವರ ಕಾಲದ ಹಸಿರು ಕಾರ್ಡು, 1997ರಲ್ಲಿ ಬಡವರನ್ನು ಗುರುತಿಸಿ ಕೊಡುವ ಪದ್ಧತಿ, 2000ದ ಡಿಸೆಂಬರಿನಲ್ಲಿ ಅಂತ್ಯೋದಯ, 2013ರಲ್ಲಿ ಅನ್ನಭಾಗ್ಯ ಮತ್ತು ಆಹಾರ ಭದ್ರತಾ ಕಾಯ್ದೆ. 2023ರ ಜುಲೈಯಿಂದ ಕೆಲಕಾಲ ಹೆಚ್ಚುವರಿ ಐದು ಕೆಜಿ ಅಕ್ಕಿಯ ಬದಲು ಕೆಜಿಗೆ 34 ರೂಪಾಯಿಯಂತೆ ತಲೆಗೆ 170 ರೂಪಾಯಿ ಬಂತು. ಅಕ್ಕಿಗಿಂತ ಆಸ್ಪತ್ರೆಗಾಗಿ ಕಾರ್ಡ್ ಬೇಕು ಎನ್ನುವವರೇ ಆ ಅಂಗಡಿಯಲ್ಲಿ ಜಾಸ್ತಿ ಕಂಡರು. ಬಿಪಿಎಲ್ ಇದ್ದರೆ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ ಐದು ಲಕ್ಷದ ತನಕ ಚಿಕಿತ್ಸೆ. ಎಪಿಎಲ್‌ನವರಿಗೆ ಪ್ಯಾಕೇಜಿನ ಶೇ 30 ಮಾತ್ರ.

ನಾನೂರು ಕೂಲಿಯ ಲೆಕ್ಕ ಹೇಳಿದ ಆ ಹೆಂಗಸು ಬಂದಿದ್ದದ್ದೂ ಮಗ ಸೊಸೆಯನ್ನು ಕಾರ್ಡಿನಿಂದ ಬೇರೆ ಮಾಡಿಸಲಿಕ್ಕೆ. "ಒಲೆ ಬೇರೆ ಆಗಿ ಒಂದು ವರ್ಷ ಆಯ್ತಪ್ಪ, ಅವ್ರದ್ದು ಅವ್ರೇ ಬೇಯ್ಸ್ಕತಾರೆ." ಬಡವರಿಗೆ ಆಹಾರದ ನೆರವು ಕೊಡುವ ಅಮೆರಿಕದ ಸ್ನ್ಯಾಪ್ ಯೋಜನೆಯಲ್ಲಿ ಇಂಥ ಮಾತಿಗೆ ಬೆಲೆಯಿದೆ. ಒಟ್ಟಿಗೆ ಸಾಮಾನು ತಂದು ಒಟ್ಟಿಗೆ ಬೇಯಿಸಿಕೊಳ್ಳುವವರೇ ಅಲ್ಲಿ ಒಂದು ಮನೆತನ. ಗಂಡ ಹೆಂಡತಿ ಮತ್ತು 22 ತುಂಬದ ಮಕ್ಕಳಿಗಷ್ಟೇ ವಿನಾಯಿತಿ ಇಲ್ಲ. ಆದಾಯದಿಂದ ದುಡಿಮೆಯ ಶೇ 20, ಮಿತಿ ಮೀರಿದ ಬಾಡಿಗೆ, ಮಕ್ಕಳನ್ನು ನೋಡಿಕೊಳ್ಳುವ ಖರ್ಚು ಕಳೆದ ಮೇಲೆ ಉಳಿದದ್ದನ್ನು ಲೆಕ್ಕಕ್ಕೆ ಹಿಡಿಯುತ್ತಾರೆ. ಆ ವ್ಯವಸ್ಥೆಯ ಮೇಲೆ ನನಗೆ ದೊಡ್ಡ ಮೋಹವೇನಿಲ್ಲ, ಅಲ್ಲಿನ ಫಾರಂ ತುಂಬುವುದೂ ಹೈರಾಣದ ಕೆಲಸವೇ. ಆದರೂ ಒಲೆಯನ್ನು ಅಳತೆಗೋಲು ಮಾಡಿದ್ದು ಹಿಡಿಸಿತು. ನಮ್ಮಲ್ಲಿ ಹಿಂದೊಮ್ಮೆ ಖೊಟ್ಟಿ ಕಾರ್ಡ್ ಹಿಡಿಯಲು ಕರೆಂಟಿನ ಆರ್.ಆರ್. ನಂಬರ್ ತಾಳೆ ನೋಡಿದ್ದುಂಟು. ಹಳ್ಳಿ ಮನೆಯಲ್ಲಿ ಮೀಟರ್ ಒಂದೇ, ಒಲೆ ಮೂರು.

ಸೊಸೆಗೂ ಪ್ರತ್ಯೇಕ ಕಾರ್ಡಿನ ಆಸೆ ಇರುವುದರಲ್ಲಿ ತಪ್ಪೇನಿದೆ? ಕಾರ್ಡಿನಲ್ಲಿ ಹಿರಿಯ ಹೆಂಗಸೇ ಯಜಮಾನಿ, ಗೃಹಲಕ್ಷ್ಮಿಯ ಎರಡು ಸಾವಿರ ಹೋಗುವುದು ಅತ್ತೆಯ ಖಾತೆಗೆ.

ಹುಡುಗ ಎಲ್ಲ ಕೇಳಿ, ಚೀಟಿ ಮಡಚಿ ಕೊಟ್ಟು, "ನೀವೇನೋ ಎಲಿಜಿಬಲ್ ಅಕ್ಕ. ಸೈಟ್ ಓಪನ್ ಇಲ್ಲ" ಎಂದ. ಎರಡನೆಯ ವಾಕ್ಯದ ಹಿಂದೆ ದೆಹಲಿಯ ಲೆಕ್ಕವಿದೆ. ಆಹಾರ ಭದ್ರತಾ ಕಾಯ್ದೆಯ ಅಡಿ ಕರ್ನಾಟಕದ ಹಳ್ಳಿಗಳ ಶೇ 76.04, ಪಟ್ಟಣಗಳ ಶೇ 49.36 ಜನರಿಗೆ ಮಾತ್ರ ಕೇಂದ್ರದ ಅಕ್ಕಿ. ಎಲ್ಲ ಸೇರಿ ಸುಮಾರು 4.01 ಕೋಟಿ ಮಂದಿ. ಅದಕ್ಕೆ ಮೀರಿದ ಪ್ರತಿ ಕಾರ್ಡಿನ ಖರ್ಚೂ ರಾಜ್ಯದ ತಲೆಮೇಲೆ. ಹೀಗಾಗಿ ಹೊಸಬರು ಒಳಗೆ ಬರಬೇಕಾದರೆ ಹಳಬರು ಯಾರಾದರೂ ಹೊರಗೆ ಹೋಗಬೇಕು. ಓಮ್ನಿಯ ಬೆನ್ನು ಹತ್ತಿರುವುದು ಯಾಕೆಂದು ಇದರಿಂದ ಅರ್ಥವಾಗುತ್ತದೆ. ದೆಹಲಿಯ ಈ ಲೆಕ್ಕಕ್ಕೆ ಆಧಾರ 2011ರ ಜನಗಣತಿ. ಮುಂದಿನದಕ್ಕೆ ಗೊತ್ತು ಮಾಡಿರುವ ದಿನ 2027ರ ಮಾರ್ಚ್ 1. ಅದರ ಅಂಕಿ ಪ್ರಕಟವಾಗುವವರೆಗೆ ಆಕೆಯ ಸೊಸೆ, ಅಡಿಕೆ ಮಂಡಿ ಚೀಟಿಯ ಪ್ರಕಾರ ಏನೇ ಇರಲಿ, ಅತ್ತೆಯ ಕಾರ್ಡಿನಲ್ಲೇ ಇರಬೇಕಾಗಬಹುದು.