ಡಾಟಾಬೇಸಿನ ವಿಳಾಸ ಕ್ರಮವಿಧಿಯ ಹೊರಗಿರಲಿ

ಗ್ರಂಥಾಲಯದ ಪುಸ್ತಕಗಳ ಲೆಕ್ಕವಿಡುವ ಒಂದು ತಂತ್ರಾಂಶವನ್ನು ವಿದ್ಯಾರ್ಥಿಯೊಬ್ಬ ಮನೆಯ ಗಣಕದಲ್ಲಿ ಸಿದ್ಧಪಡಿಸಿದ್ದಾನೆ ಎಂದುಕೊಳ್ಳೋಣ. ಅಲ್ಲಿ ಅದು ಚೆನ್ನಾಗಿಯೇ ಕೆಲಸ ಮಾಡುತ್ತದೆ. ಅದನ್ನೇ ಕಾಲೇಜಿನ ಪ್ರಯೋಗಾಲಯಕ್ಕೆ ತಂದು ಚಾಲೂ ಮಾಡಿದರೆ ಕೆಲ ಸೆಕೆಂಡು ಸುಮ್ಮನಿದ್ದು, ಸರ್ವರ್ ಸಿಗಲಿಲ್ಲ ಎಂಬ ಸಂದೇಶ ತೋರಿಸಿ ನಿಂತುಬಿಡುತ್ತದೆ. ತರ್ಕದಲ್ಲಿ ದೋಷವಿಲ್ಲ, ಕೋಷ್ಟಕಗಳಲ್ಲೂ ದೋಷವಿಲ್ಲ. ಹಾಗಾದರೆ ತೊಂದರೆ ಎಲ್ಲಿ? ಹೆಚ್ಚಿನ ಸಂದರ್ಭಗಳಲ್ಲಿ ಅದು ಇರುವುದು ಒಂದೇ ಒಂದು ಸಾಲಿನಲ್ಲಿ. ಆ ಸಾಲಿಗೆ ‘ಕನೆಕ್ಷನ್ ಸ್ಟ್ರಿಂಗ್’ ಎಂದು ಹೆಸರು.

ಏನಿದು ಕನೆಕ್ಷನ್ ಸ್ಟ್ರಿಂಗ್?

ತಂತ್ರಾಂಶವು ಡಾಟಾಬೇಸನ್ನು ತಲುಪಲು ಬೇಕಾದ ವಿವರಗಳನ್ನೆಲ್ಲ ಒಟ್ಟುಗೂಡಿಸಿದ ಸಾಲು ಇದು. ಮೈಕ್ರೋಸಾಫ್ಟ್‌ನ ಎಸ್‌ಕ್ಯುಎಲ್ ಸರ್ವರ್ ಬಳಸುವ ಡಾಟ್‌ನೆಟ್ ತಂತ್ರಾಂಶದಲ್ಲಿ ಅದು ಹೀಗಿರುತ್ತದೆ:

ಸರ್ವರ್=ಮನೆಗಣಕ; ಡಾಟಾಬೇಸ್=ಗ್ರಂಥಾಲಯ; ಇಂಟಿಗ್ರೇಟೆಡ್ ಸೆಕ್ಯೂರಿಟಿ=ಟ್ರೂ

ಇಲ್ಲಿ ಓದಲು ಅನುಕೂಲವಾಗಲೆಂದು ಕನ್ನಡದಲ್ಲಿ ಕೊಟ್ಟಿದೆ. ಗಣಕಕ್ಕೆ ಇಂಗ್ಲಿಷ್ ಅಕ್ಷರಗಳಲ್ಲೇ ಬರೆಯಬೇಕು. ಪ್ರತಿ ವಿವರವೂ ‘ಹೆಸರು=ಬೆಲೆ’ ಎಂಬ ಜೋಡಿ. ಜೋಡಿಗಳ ನಡುವೆ ಅರ್ಧವಿರಾಮ ಚಿಹ್ನೆ. ಕೊನೆಯ ಜೋಡಿಯ ಅರ್ಥ, ವಿಂಡೋಸ್‌ಗೆ ಪ್ರವೇಶಿಸಿದ ಗುರುತಿನಿಂದಲೇ ಡಾಟಾಬೇಸನ್ನೂ ಪ್ರವೇಶಿಸು, ಬೇರೆ ಪಾಸ್‌ವರ್ಡ್ ಬೇಡ ಎಂದು.

ಈ ಸಾಲನ್ನು ಕ್ರಮವಿಧಿಯ ಒಳಗೇ ಬರೆದರೆ ‘ಮನೆಗಣಕ’ ಎಂಬ ಹೆಸರು ಅಲ್ಲೇ ಉಳಿದುಬಿಡುತ್ತದೆ. ಪ್ರಯೋಗಾಲಯದಲ್ಲಿ ಆ ಹೆಸರಿನ ಸರ್ವರ್ ಇಲ್ಲ. ಕಾಲಮಿತಿಯನ್ನು ನಾವು ಬದಲಿಸದಿದ್ದರೆ ತಂತ್ರಾಂಶ 15 ಸೆಕೆಂಡುಗಳವರೆಗೆ ಪ್ರಯತ್ನಿಸಿ ಸೋಲುತ್ತದೆ. ಸರಿಪಡಿಸಬೇಕಾದರೆ ಮೂಲ ಕ್ರಮವಿಧಿಯನ್ನು ತಿದ್ದಿ ಮತ್ತೆ ಕಂಪೈಲ್ ಮಾಡಬೇಕು.

ಮೊದಲ ಹೆಜ್ಜೆ: ಪ್ರತ್ಯೇಕ ಕಡತ

2005ರಲ್ಲಿ ಬಂದ ಡಾಟ್‌ನೆಟ್ 2.0 ಆವೃತ್ತಿಯಲ್ಲಿ ಕಾನ್ಫಿಗರೇಷನ್ ಕಡತದೊಳಗೆ ಕನೆಕ್ಷನ್ ಸ್ಟ್ರಿಂಗ್‌ಗಳಿಗೆಂದೇ ಒಂದು ಭಾಗವನ್ನು ಮೀಸಲಿಡಲಾಯಿತು. ‘ಕಾನ್ಫಿಗರೇಷನ್ ಮ್ಯಾನೇಜರ್’ ಎಂಬ ವರ್ಗದ ಮೂಲಕ ತಂತ್ರಾಂಶ ಅದನ್ನು ಓದಿಕೊಳ್ಳುತ್ತದೆ. ಸರ್ವರ್ ಬದಲಾದರೆ ಕಡತವನ್ನು ತಿದ್ದಿದರೆ ಸಾಕು, ಕಂಪೈಲ್ ಮಾಡಬೇಕಿಲ್ಲ.

ಆದರೆ ಬಳಕೆದಾರರೇ ತಂತ್ರಾಂಶದೊಳಗಿಂದ ಇದನ್ನು ಬದಲಿಸಬೇಕಾದಾಗ ಎರಡು ಅಡೆತಡೆಗಳು ಎದುರಾಗುತ್ತವೆ. ವಿಷುಯಲ್ ಸ್ಟುಡಿಯೋದ ಸೆಟ್ಟಿಂಗ್ಸ್ ಪುಟದಲ್ಲಿ ಕನೆಕ್ಷನ್ ಸ್ಟ್ರಿಂಗ್ ಬಗೆಯನ್ನು ಆರಿಸಿದರೆ ಅದು ಇಡೀ ತಂತ್ರಾಂಶಕ್ಕೆ ಸೇರಿದ್ದಾಗುತ್ತದೆ. ಚಾಲನೆಯ ವೇಳೆ ಓದಬಹುದು, ಉಳಿಸಲಾಗದು. ಎರಡನೆಯದಾಗಿ, ಆ ಕಡತ ಸಾಮಾನ್ಯವಾಗಿ ‘ಪ್ರೋಗ್ರಾಮ್ ಫೈಲ್ಸ್’ ಕಡತಕೋಶದಲ್ಲಿರುತ್ತದೆ. ಅಲ್ಲಿ ಬರೆಯುವ ಅಧಿಕಾರ ಸಾಮಾನ್ಯ ಬಳಕೆದಾರರಿಗೆ ಇಲ್ಲ.

ಚಾಲನೆಯ ವೇಳೆ ಜೋಡಿಸುವುದು

ಇದಕ್ಕೆ ಪರಿಹಾರ ಸರಳ. ತಂತ್ರಾಂಶ ಮೊದಲ ಬಾರಿ ತೆರೆದಾಗ ಒಂದು ಚಿಕ್ಕ ಅರ್ಜಿನಮೂನೆ ಕಾಣಿಸಲಿ. ಸರ್ವರ್‌ನ ಹೆಸರು ಮತ್ತು ಡಾಟಾಬೇಸಿನ ಹೆಸರನ್ನು ಅಲ್ಲಿ ತುಂಬಬೇಕು. ‘ಪರೀಕ್ಷಿಸು’ ಗುಂಡಿ ಒತ್ತಿದಾಗ ತಂತ್ರಾಂಶ ನಿಜವಾಗಿ ಒಮ್ಮೆ ಸಂಪರ್ಕ ತೆರೆದು ಮುಚ್ಚಲಿ. ಅದು ಯಶಸ್ವಿಯಾದರೆ ಮಾತ್ರ ವಿವರಗಳು ಬಳಕೆದಾರರ ‘ಆಪ್ ಡಾಟಾ’ ಕಡತಕೋಶದಲ್ಲಿ ಉಳಿಯಲಿ. ಮುಂದಿನ ಸಲ ಅಲ್ಲಿಂದ ಓದಿ, ಸಂಪರ್ಕ ವಸ್ತುವನ್ನು ತೆರೆಯುವ ಮೊದಲೇ ಅದಕ್ಕೆ ಈ ಸಾಲನ್ನು ಒದಗಿಸಬೇಕು. ಒಮ್ಮೆ ತೆರೆದ ಸಂಪರ್ಕದ ಸಾಲನ್ನು ಬದಲಿಸಲು ಬರುವುದಿಲ್ಲ.

ಬೇರೆ ಬೇರೆ ಕಡೆ ಬೇರೆ ಬೇರೆ ರೀತಿಯಲ್ಲಿ ಸಾಲನ್ನು ಕಟ್ಟುವುದು ಒಳ್ಳೆಯದಲ್ಲ. ತೆರೆದ ಸಂಪರ್ಕಗಳನ್ನು ಮರುಬಳಕೆಗೆಂದು ಒಂದು ಸಂಗ್ರಹದಲ್ಲಿ ಇಡಲಾಗುತ್ತದೆ. ಸಾಲಿನಲ್ಲಿ ಒಂದು ಅಕ್ಷರ ಬೇರೆಯಾದರೂ ಹೊಸ ಸಂಗ್ರಹವೇ ಹುಟ್ಟಿಕೊಳ್ಳುತ್ತದೆ. ಆದ್ದರಿಂದ ಒಂದೇ ಕಡೆ ಕಟ್ಟಿ, ಎಲ್ಲೆಡೆಯೂ ಅದನ್ನೇ ಬಳಸಬೇಕು.

ಅರ್ಧವಿರಾಮದ ಅಪಾಯ

ಬಳಕೆದಾರರು ಟೈಪಿಸಿದ್ದನ್ನು ಹಾಗೆಯೇ ಸಾಲಿಗೆ ಅಂಟಿಸಬಾರದು. ಪಾಸ್‌ವರ್ಡ್ ಕೇಳಿದ ಜಾಗದಲ್ಲಿ ಯಾರಾದರೂ ತಮ್ಮ ಪಾಸ್‌ವರ್ಡ್ ಬರೆದು, ಅದರ ಮುಂದೆ ‘; ಡಾಟಾಬೇಸ್=ಅಂಕಪಟ್ಟಿ’ ಎಂದು ಸೇರಿಸಿದರೆ? ಒಂದೇ ಹೆಸರು ಎರಡು ಸಲ ಬಂದಾಗ ಎಸ್‌ಕ್ಯುಎಲ್ ಸರ್ವರ್‌ನ ಚಾಲಕ ಕೊನೆಯದನ್ನು ಸ್ವೀಕರಿಸುತ್ತದೆ. ಆ ಖಾತೆಗೆ ಎರಡೂ ಡಾಟಾಬೇಸುಗಳ ಅನುಮತಿ ಇದ್ದರೆ, ಪುಸ್ತಕದ ಲೆಕ್ಕಕ್ಕೆಂದು ಮಾಡಿದ ತಂತ್ರಾಂಶ ವಿದ್ಯಾರ್ಥಿಗಳ ಅಂಕಗಳಿರುವ ಡಾಟಾಬೇಸಿನತ್ತ ತಿರುಗುತ್ತದೆ. ಇದನ್ನು ತಡೆಯಲು ‘ಎಸ್‌ಕ್ಯುಎಲ್ ಕನೆಕ್ಷನ್ ಸ್ಟ್ರಿಂಗ್ ಬಿಲ್ಡರ್’ ವರ್ಗವನ್ನು ಬಳಸಬೇಕು. ಪ್ರತಿ ವಿವರವನ್ನೂ ಬೇರೆಬೇರೆಯಾಗಿ ಕೊಟ್ಟರೆ, ಅರ್ಧವಿರಾಮವಿರುವ ಬೆಲೆಯನ್ನು ಅದು ಉದ್ಧರಣ ಚಿಹ್ನೆಯೊಳಗೆ ಇಡುತ್ತದೆ. ಆಗ ಇಡೀ ಬರಹವೂ ಒಂದು ತಪ್ಪು ಪಾಸ್‌ವರ್ಡ್ ಮಾತ್ರ, ಪ್ರವೇಶ ಸಿಗುವುದಿಲ್ಲ.

ಪಾಸ್‌ವರ್ಡ್ ಎಲ್ಲಿಡಬೇಕು?

ಸಾಧ್ಯವಿದ್ದಲ್ಲಿ ಎಲ್ಲಿಯೂ ಇಡಬಾರದು. ವಿಂಡೋಸ್ ಗುರುತನ್ನೇ ಬಳಸಿದರೆ ಕಡತದಲ್ಲಿ ಪಾಸ್‌ವರ್ಡ್ ಬರೆಯುವ ಅಗತ್ಯವೇ ಬೀಳದು. ಇಡಲೇಬೇಕಾದರೆ ವಿಂಡೋಸ್ 2000ದಿಂದ ಲಭ್ಯವಿರುವ ದತ್ತಾಂಶ ರಕ್ಷಣಾ ಸೌಲಭ್ಯದಿಂದ ಅದನ್ನು ಗೂಢಲಿಪಿಗೆ ಪರಿವರ್ತಿಸಬಹುದು. ಅದರ ಕೀಲಿ ಸಾಮಾನ್ಯವಾಗಿ ಆ ಗಣಕಕ್ಕೆ ಅಥವಾ ಆ ಬಳಕೆದಾರರಿಗೆ ಸೇರಿದ್ದು. ಆದ್ದರಿಂದ ಈ ಪರಿವರ್ತನೆಯನ್ನು ತಂತ್ರಾಂಶ ಸ್ಥಾಪಿಸಿದ ಗಣಕದಲ್ಲೇ ಮಾಡಬೇಕು. ಇದೂ ಪೂರ್ಣ ರಕ್ಷಣೆಯಲ್ಲ. ಅದೇ ಬಳಕೆದಾರರ ಹೆಸರಿನಲ್ಲಿ ನಡೆಯುವ ಇನ್ನೊಂದು ಕ್ರಮವಿಧಿ ಅದನ್ನು ಬಿಡಿಸಬಲ್ಲದು. ಹಾಗಾಗಿ ಡಾಟಾಬೇಸ್ ಖಾತೆಗೆ ಬೇಕಾದಷ್ಟೇ ಅಧಿಕಾರ ಕೊಡುವುದು ಮುಖ್ಯ. ಎಲ್ಲ ಅಧಿಕಾರವೂ ಇರುವ ‘ಎಸ್‌ಎ’ ಖಾತೆಯನ್ನು ತಂತ್ರಾಂಶದಲ್ಲಿ ಬಳಸಲೇಬಾರದು.

ತರಗತಿಯಲ್ಲಿ ಇದನ್ನು ಪರೀಕ್ಷಿಸುವುದು ಸುಲಭ. ವಿದ್ಯಾರ್ಥಿಗಳು ತಮ್ಮ ತಂತ್ರಾಂಶಗಳನ್ನು ಪರಸ್ಪರ ಅದಲುಬದಲು ಮಾಡಿಕೊಂಡು, ಮೂಲ ಕ್ರಮವಿಧಿಯನ್ನು ಮುಟ್ಟದೆ, ಬೇರೆ ಗಣಕದಲ್ಲಿ ನಡೆಸಿ ನೋಡಲಿ. ಸರ್ವರ್‌ನ ಹೆಸರು ತುಂಬಿದೊಡನೆ ನಡೆದರೆ ವಿಳಾಸ ಸರಿಯಾದ ಜಾಗದಲ್ಲಿದೆ ಎಂದರ್ಥ.